ಮೊಣಕಾಲ ಹಿಂದಿನ ಕೆಂಪು ಉಂಗುರ

ಬೆಳಿಗ್ಗೆ ಪಕ್ಕದ ಮನೆಯಾಕೆ ರಂಗೋಲಿಗೆ ಕೆಮ್ಮಣ್ಣಿನ ಅಂಚು ಬಳಿಯುತ್ತಿದ್ದರು. ಆ ಒದ್ದೆ ಮಣ್ಣಿನ ವಾಸನೆ ಜಯನಗರದ ನಮ್ಮ ಮಹಡಿಯವರೆಗೂ ಬಂತು. ನನ್ನ ಎಡ ಮೊಣಕಾಲಿನ ಹಿಂಭಾಗ ಸುಮ್ಮನೆ ಬೆಚ್ಚಗಾಯಿತು. ನೀವು ನಗಬಹುದು. ನಗುವಂಥದೇ ಇದೆ.

ಕೆಲವು ವರ್ಷಗಳ ಹಿಂದೆ ನಾನು ಪುಟ್ಟೇನಹಳ್ಳಿಯಲ್ಲಿ ಪಿಳ್ಳಮ್ಮ ಎಂಬವರ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದೆ. ಹಿಂದೆ ಅವರೇ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆ ಮನೆ ಎದ್ದಿತ್ತು. ಎರಡು ವರ್ಷಗಳಲ್ಲಿ ನಾನು ಅವರೊಡನೆ ಆಡಿದ ಮಾತೆಲ್ಲ ನೀರಿನ ಮೋಟಾರಿನ ಬಗ್ಗೆ. ನನ್ನ ಸ್ವಭಾವವೇ ಹಾಗೆ: ಜ್ವರ ಬಂದರೆ ಥರ್ಮಾಮೀಟರಿಗೆ ಬಿಟ್ಟು ಇನ್ನಾರಿಗೂ ತಿಳಿಸುವುದಿಲ್ಲ.

ಒಂದು ಬೇಸಿಗೆ ಜರ್ಮನಿಯಲ್ಲಿ ಒಂದು ತಿಂಗಳ ಕೋರ್ಸ್ ಮುಗಿಸಿ ಬಂದಿದ್ದೆ. ಅಲ್ಲಿನ ಕಾಡಿನಲ್ಲಿ ತಿರುಗುವಾಗ ಎಳ್ಳುಕಾಳಿನಷ್ಟು ಚಿಕ್ಕ ಉಣ್ಣೆಹುಳ ಮೊಣಕಾಲ ಹಿಂದೆ ಕಚ್ಚಿ ಹಿಡಿದಿತ್ತು. ಕಿತ್ತೆಸೆದು ಮರೆತಿದ್ದೆ. ಊರಿಗೆ ಮರಳಿದ ಮೇಲೆ ಅಲ್ಲೇ ಒಂದು ಕೆಂಪು ಉಂಗುರ ಎದ್ದು ದಿನೇ ದಿನೇ ಅಗಲವಾಯಿತು. ಓದಿ ನೋಡಿದೆ. ಲೈಮ್ ಕಾಯಿಲೆ, ಉಣ್ಣೆ ಕಚ್ಚಿದಾಗ ಒಳಸೇರುವ ಬ್ಯಾಕ್ಟೀರಿಯಾದ ಕೆಲಸ. ಬೇಗ ಗುರುತಿಸಿದರೆ ಮಾತ್ರೆಯಲ್ಲಿ ಹೋಗುತ್ತದೆ, ಬಿಟ್ಟರೆ ಕೀಲು, ನರ, ಹೃದಯದವರೆಗೂ ಹೋಗಬಲ್ಲದು. ಮೊದಮೊದಲು ರಕ್ತಪರೀಕ್ಷೆಗೂ ಸಿಗದಿರಬಹುದು. ವೈದ್ಯರು ಉಂಗುರವನ್ನು ಕಣ್ಣಾರೆ ನೋಡಬೇಕು. ಫೋಟೊ ತೆಗೆಯಬಹುದಿತ್ತಲ್ಲ ಎನ್ನಬೇಡಿ. ನನ್ನ ಮೊಣಕಾಲು ನನ್ನದೇ ಫೋನಿನಲ್ಲಿರುವುದೂ ನನಗೆ ಸಂಕೋಚ.

ಹಾಗಾಗಿ ವೈದ್ಯರಲ್ಲಿಗೆ ಹೋಗುವ ಹಿಂದಿನ ದಿನ ತಾರಸಿಯಲ್ಲಿ ಕನ್ನಡಿ, ಸ್ಕೇಲು ಹಿಡಿದು ಕತ್ತು ತಿರುಚುತ್ತಿದ್ದೆ. ಸಂಡಿಗೆ ಒಣಗಿಸಲು ಬಂದ ಪಿಳ್ಳಮ್ಮ ನಿಂತರು.

"ಏನಮ್ಮಾ, ಯೋಗಾನಾ?" ಎಂದವರು ಬಗ್ಗಿ ನೋಡಿ ಚೀರಿದರು. "ಅಯ್ಯೋ, ಸರ್ಪಸುತ್ತು ಕಣೇ! ತಲೆ ಬಾಲ ಸೇರ್ಬಿಟ್ಟೈತೆ!"

ಮೈಮೇಲೆ ಹಾವಿನಂತೆ ಸುತ್ತುವ ಗುಳ್ಳೆಗಳ ತಲೆ ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯ, ಕೆಮ್ಮಣ್ಣು ಬಳಿಯುವುದೇ ಮದ್ದು ಎಂಬುದು ಅವರ ನಂಬಿಕೆ. ನನ್ನದೋ ಪೂರ್ತಿ ವೃತ್ತ.

"ಆಂಟಿ, ಇದು ಉಣ್ಣೆ ಕಚ್ಚಿದ್ದು. ಜರ್ಮನಿ ಕಾಡಲ್ಲಿ. ಬ್ಯಾಕ್ಟೀರಿಯಾ."

"ಅದ್ಕೂ ಕೆಮ್ಮಣ್ಣೇ. ಅಲ್ಲಾಡ್ಬೇಡ."

ಬೇಡ ಎನ್ನಲು ಸಭ್ಯವಾದ ವಾಕ್ಯವೊಂದು ನನಗೆ ಸಿದ್ಧವಾಗುವಷ್ಟರಲ್ಲಿ ಅವರು ಕೆಳಗಿನಿಂದ ಕೆಮ್ಮಣ್ಣು ಕಲಸಿ ತಂದು ಬಳಿದು, ನನ್ನ ಕಾಲು ರಂಗೋಲಿಯ ಅಂಚಾಗಿತ್ತು.

ರಾತ್ರಿ ಉಜ್ಜಿ ಉಜ್ಜಿ ತೊಳೆದೆ. ಮಣ್ಣು ಅರ್ಧ ಉಳಿಯಿತು, ಚರ್ಮವೆಲ್ಲ ಒಂದೇ ಕೆಂಪಾಗಿ ಉಂಗುರವೇ ಕಾಣದಾಯಿತು. ಮರುದಿನ ಜೊತೆಗೇ ಬರುತ್ತೇನೆಂದು ಪಿಳ್ಳಮ್ಮ ಹಟ ಹಿಡಿದು ಆಟೋ ಹತ್ತಿದರು.

ವೈದ್ಯೆ ನೋಡಿ ನಕ್ಕರು. "ಏನಮ್ಮ, ಇಟ್ಟಿಗೆ ಗೂಡಿಂದ ಬಂದ್ರಾ? ಹುಳುಕಡ್ಡಿ ಇರ್ಬೇಕು, ಮುಲಾಮು ಬರೀತೀನಿ."

ನಾನು ಬಾಯಿಪಾಠ ಮಾಡಿದ್ದ ಮೂರು ವಾಕ್ಯಗಳೂ ಆ ನಗುವಿಗೆ ಒಣಗಿಹೋದವು. ಚೀಟಿ ತೆಗೆದುಕೊಂಡು ಎದ್ದೇಬಿಟ್ಟೆ.

"ಕೂತ್ಕೋ!" ಎಂದರು ಪಿಳ್ಳಮ್ಮ. "ಮೇಡಂ, ಮಣ್ಣು ಬಳ್ದಿದ್ದು ನಾನು, ತಪ್ಪು ನಂದೇ. ಆದ್ರೆ ಬಳಿಯೋಕ್ ಮುಂಚೆ ನೋಡಿದ್ದೂ ನಾನೇ. ಬಳೆ ಅಗಲ ಐತೆ, ಒಳಗೆ ತಿಳಿ, ನಟ್ಟನಡುವೆ ಒಂದು ಕೆಂಪು ಚುಕ್ಕಿ. ಹುಳುಕಡ್ಡಿ ಆಗಿದ್ರೆ ಕೆರ್ಕೋತಿದ್ಲು. ಫಾರಿನ್ ಕಾಡಲ್ಲಿ ಉಣ್ಣೆ ಕಚ್ಚಿಸ್ಕೊಂಡ್ ಬಂದವ್ಳೆ. ಹೇಳೇ!"

ವೈದ್ಯೆ ಪೆನ್ನು ಕೆಳಗಿಟ್ಟರು. "ಉಣ್ಣೆನಾ? ಇದನ್ನ ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ," ಎಂದೆ.

ಮುಲಾಮಿನ ಚೀಟಿ ಹರಿದು, ಎರಡು ವಾರಕ್ಕೆ ಮಾತ್ರೆ ಬರೆದರು. ಉಂಗುರ ಮಾಸಿತು, ಕೀಲುಗಳು ಕ್ಷೇಮ. "ಮಾತ್ರೆ ತಿಂದಿದ್ದು ಪರ್ವಾಗಿಲ್ಲ, ಕೆಲಸ ಮಾಡಿದ್ದು ಮಣ್ಣು," ಎಂದು ಪಿಳ್ಳಮ್ಮ ಇಂದಿಗೂ ಹೇಳುತ್ತಾರೆ.

ಇದನ್ನೆಲ್ಲ ನೆನೆಯುತ್ತ ಕೂತವಳಿಗೆ ನಾಲ್ಕು ದಿನದಿಂದ ಹಲ್ಲುನೋವು. ಯಾರಿಗೂ ಹೇಳಿರಲಿಲ್ಲ. ಈಗಷ್ಟೇ ಪಿಳ್ಳಮ್ಮನವರಿಗೆ ಫೋನ್ ಮಾಡಿದೆ.

"ಯಾವ್ ಹಲ್ಲು? ಮೇಲಿಂದಾ ಕೆಳಗಿಂದಾ? ತಡಿ, ಬಸ್ ಹತ್ತಿ ಬರ್ತೀನಿ. ನೀನು ಬಾಯಿ ತೆಗಿ ಸಾಕು, ಮಾತಾಡೋದು ನಾನು."