ಶಾಂತವ್ವ ಎತ್ತಿಟ್ಟ ಹನ್ನೊಂದು ಪೀಸುಗಳು

ಇದು 2016ರಲ್ಲಿ ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ನಡೆದದ್ದು. ತಪ್ಪು ಗೊತ್ತಾದ ಕೂಡಲೇ ಓಡಿಹೋಗಿ ಸೂಪರ್‌ವೈಸರ್‌ಗೆ ಹೇಳಿದೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹಾಗೆಯೇ ನಡೆಯಿತೇ ಎಂಬುದು ನನಗೇ ಖಚಿತವಿಲ್ಲ.

ಎರಕದ ಬಿಡಿಭಾಗಗಳ ಫೋಟೋ ನೋಡಿ ಬಿರುಕು ಗುರುತಿಸುವ ಪ್ರೋಗ್ರಾಂ ಬರೆದಿದ್ದೆ. ನಮ್ಮ ಆಫೀಸಿನಲ್ಲಿ ಚೆನ್ನಾಗಿಯೇ ಓಡಿತ್ತು. ಅಂದು ಅದನ್ನು ಕಾರ್ಖಾನೆಯ ಹೊಸ ಕಂಪ್ಯೂಟರಿಗೆ ಹಾಕಿ, ತಪಾಸಣೆಯ ಮೇಜಿನ ಪಕ್ಕ ಕೂತೆ. ಆ ಮೇಜು ರಾಯಚೂರು ಕಡೆಯ ಶಾಂತವ್ವನದು. ಪ್ರತಿ ಪೀಸನ್ನೂ ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಪಾಸೋ ರಿಜೆಕ್ಟೋ ಹೇಳುತ್ತಿದ್ದರು.

ಅವರು ರಿಜೆಕ್ಟ್ ಎಂದು ಎತ್ತಿಟ್ಟ ಹನ್ನೊಂದು ಪೀಸುಗಳನ್ನೂ ನನ್ನ ಪ್ರೋಗ್ರಾಂ ಪಾಸ್ ಮಾಡಿತು.

“ನೋಡಮ್ಮ, ಮಿಷನ್ ಸರಿಯಿದೆ ಅಂತಿದೆ. ನೀನು ಒಳ್ಳೇ ಮಾಲನ್ನೇ ಎತ್ತಿಡ್ತಿದೀಯ,” ಎಂದರು ಸೂಪರ್‌ವೈಸರ್.

“ಒಡಕ ಸಪ್ಪಳ ಬರತೈತ್ರಿ, ಎಲ್ಲೋ ಕೂದಲೆಳಿಯಷ್ಟು ಒಡದೈತಿ. ನಿಮ್ಮ ಮಿಷನ್ನಿಗೊಂದು ಚಷ್ಮಾ ಹಾಕಸ್ರಿ,” ಎಂದರು ಶಾಂತವ್ವ.

ಸುತ್ತಲಿದ್ದವರು ನಕ್ಕರು. ಸೂಪರ್‌ವೈಸರ್‌ಗೆ ನಗು ಬರಲಿಲ್ಲ. “ಏನ್ಸಾರ್, ಗ್ಯಾರಂಟಿನಾ?” ಎಂದು ನನ್ನನ್ನು ಕೇಳಿದರು. ಹೌದು ಎಂದುಬಿಟ್ಟೆ.

“ಹಂಗಾದ್ರೆ ಊಟಕ್ಕೆ ಮುಂಚೆ ಹೊರಡಮ್ಮ. ನಾಳೆಯಿಂದ ಬರೋದು ಬೇಡ.”

ಸ್ವಲ್ಪ ಹೊತ್ತಿಗೆ, ಕಣ್ಣಿಗೇ ಕಾಣುವಷ್ಟು ಸೀಳಿದ್ದ ಒಂದು ಪೀಸೂ ಪಾಸಾಯಿತು. ನಾನು ಬಳಸಿದ್ದ ಕೆರಾಸ್ ಲೈಬ್ರರಿ ತಾನೇ ಲೆಕ್ಕ ಮಾಡುವುದಿಲ್ಲ, ಬೇರೊಂದು ಲೈಬ್ರರಿಯ ಕೈಯಲ್ಲಿ ಮಾಡಿಸುತ್ತದೆ. ಯಾವುದರ ಕೈಯಲ್ಲಿ ಎಂಬುದು ಸೆಟ್ಟಿಂಗ್ ಫೈಲಿನ ಒಂದು ಸಾಲಿನಲ್ಲಿರುತ್ತದೆ. ತೆರೆದು ನೋಡಿದೆ. ಟೆನ್ಸರ್‌ಫ್ಲೋ ಎಂದಿತ್ತು. ನಾನು ಆಫೀಸಿನಲ್ಲಿ ಪ್ರೋಗ್ರಾಂಗೆ ತರಬೇತಿ ಕೊಟ್ಟದ್ದು ಥಿಯಾನೋ ಮೇಲೆ. ಈ ಎರಡು ಲೈಬ್ರರಿಗಳೂ ಚಿತ್ರವನ್ನು ಓದುವ ಕ್ರಮ ಬೇರೆ ಬೇರೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು ಬರುತ್ತದೆ. ಆ ಸಾಲನ್ನು ನೋಡದೆ ಬಿಟ್ಟವನು ನಾನೇ.

ಸಾಲು ತಿದ್ದಿ ಮತ್ತೆ ಓಡಿಸಿದೆ. ಹನ್ನೊಂದಕ್ಕೆ ಹನ್ನೊಂದೂ ರಿಜೆಕ್ಟ್.

ಆಮೇಲೆ ಓಡಿದೆ ಎಂದೇ ನನ್ನ ನೆನಪು. ಆದರೆ ಕೀಬೋರ್ಡ್ ಪಕ್ಕದ ಟೀ ಆರಿ, ಮೇಲೆ ಕೆನೆ ಕಟ್ಟಿದ್ದನ್ನು ನೋಡುತ್ತ ಕೂತದ್ದೂ ನೆನಪಿದೆ.

“ಈಗ ಹೇಳ್ತೀರಾ ಸಾರ್? ಆಯಮ್ಮ ಹೊರಟ್ಹೋದ್ಳಲ್ಲ,” ಎಂದರು ಸೂಪರ್‌ವೈಸರ್. ನನ್ನೆದುರೇ ಶಾಂತವ್ವನಿಗೆ ಫೋನ್ ಮಾಡಿ ಮತ್ತೆ ಕೆಲಸಕ್ಕೆ ಕರೆದರು.

ಮರುದಿನ ಶಾಂತವ್ವ ಬಂದರು. ಕಂಪ್ಯೂಟರಿನ ಡಬ್ಬಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. “ಇವತ್ತ ಸಪ್ಪಳ ಸರಿ ಐತ್ರಿ,” ಎಂದರು.

ಕೆಲವು ತಿಂಗಳ ನಂತರ ಅದೇ ಕಾರ್ಖಾನೆಗೆ ಹೋದಾಗ ಆ ದಿನದ ಸಮಯಗಳನ್ನು ನೋಡಿಯೇಬಿಟ್ಟೆ. ನಾನು ತಿದ್ದಿ ಓಡಿಸಿದ್ದರ ಫಲಿತಾಂಶ ಕಂಪ್ಯೂಟರಿನಲ್ಲಿ ದಾಖಲಾದದ್ದು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ. ಗೇಟಿನ ರಿಜಿಸ್ಟರಿನಲ್ಲಿ ಶಾಂತವ್ವ ಹೊರಗೆ ಹೋದದ್ದು ಹನ್ನೆರಡು ಐವತ್ತೈದಕ್ಕೆ.