ನಾನು ಹಾಕಿದ ಟಿಕ್ ಮಾರ್ಕು

ಮೇಡಂ ಅವರ ಬಲಗೈಯ ಕಿರುಬೆರಳು ಕೀಬೋರ್ಡನ್ನು ಮುಟ್ಟುತ್ತಿರಲಿಲ್ಲ. ಶಾಲೆಗೆ ಹೋಗುವ ಕಾಲದಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದಿದ್ದ ಅದು ಸೊಟ್ಟಗೆ ಕೂಡಿಕೊಂಡಿತ್ತು. ಉಳಿದ ಬೆರಳುಗಳು ಗುಂಡಿಗಳ ಮೇಲೆ ಓಡಾಡುವಾಗ ಅದೊಂದು ಮಾತ್ರ ಸೆಟೆದುಕೊಂಡು ಗಾಳಿಯಲ್ಲಿ ನಿಂತಿರುತ್ತಿತ್ತು. ನಾನು ಅವರ ಪಕ್ಕದ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತೆ. ಕೆಲಸ ಕಲಿತದ್ದೆಲ್ಲ ಆ ಕೈಯನ್ನು ನೋಡಿಕೊಂಡೇ.

ಅದು ದಿಲ್ಲಿ ಪಕ್ಕದ ಘಾಜಿಯಾಬಾದಿನಲ್ಲಿ ಒಂದು ಟ್ರಸ್ಟು ನಡೆಸುವ ಕ್ಯಾನ್ಸರ್ ಆಸ್ಪತ್ರೆ. ನಮ್ಮ ಕಂಪ್ಯೂಟರ್ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ರೋಗಿಗಳ ಹೆಸರು, ಪರೀಕ್ಷೆಯ ವರದಿ, ಯಾರಿಗೆ ಯಾವ ಔಷಧ ಎಷ್ಟು ಸಲ ಕೊಟ್ಟಿದೆ ಎಂಬ ವಿವರ ಎಲ್ಲವೂ ಅಲ್ಲಿನ ಒಂದು ಡೇಟಾಬೇಸಿನಲ್ಲಿತ್ತು. ಅದರ ಜವಾಬ್ದಾರಿ ಮೇಡಂ ಅವರದು. ಸಂದರ್ಶನಕ್ಕೆ ಹೋದ ದಿನ ನಾನು ಹಿಂದಿಯಲ್ಲಿ ತಡವರಿಸುತ್ತಿದ್ದಾಗ ಅವರು ನನ್ನ ಅರ್ಜಿಯನ್ನು ಮತ್ತೊಮ್ಮೆ ನೋಡಿ, "ಹೊಸಪೇಟೆಯವಳಾ? ಅಚ್ಛಾ, ಹಾಗಾದ್ರೆ ಯಾಕೆ ಒದ್ದಾಡ್ತೀ? ಕನ್ನಡದಲ್ಲೇ ಹೇಳು. ಇವರಿಬ್ಬರಿಗೆ ಆಮೇಲೆ ನಾನು ಹೇಳ್ತೀನಿ" ಎಂದರು. ಪಕ್ಕದಲ್ಲಿ ಕೂತಿದ್ದ ಇಬ್ಬರು ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ನನಗೆ ಕೆಲಸ ಸಿಕ್ಕಿತು.

ಅವರ ತಂದೆ ತುಮಕೂರಿನ ಕಡೆಯಿಂದ ಬಂದು ಯಾವುದೋ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದವರು. ಮೇಡಂ ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅವರ ಕನ್ನಡ ಅಡುಗೆಮನೆಯಲ್ಲಿ ತಾಯಿಯಿಂದ ಕೇಳಿ ಕಲಿತದ್ದು. ಅಚ್ಛಾ, ಚಲೋ ಎಂಬ ಮಾತುಗಳು ನಡುನಡುವೆ ನುಸುಳುತ್ತಿದ್ದವು. ಚಿತ್ರಾನ್ನಕ್ಕೆ ಸಾಸಿವೆ ಎಣ್ಣೆಯ ಒಗ್ಗರಣೆ ಹಾಕುತ್ತಿದ್ದರು. ಮೊದಲ ಸಲ ತಿಂದಾಗ ನನ್ನ ಮೂಗು ಉರಿಯಿತು. ಅವರು ಬಿದ್ದುಬಿದ್ದು ನಕ್ಕರು. ಆರು ತಿಂಗಳಲ್ಲಿ ಅದಿಲ್ಲದೆ ನನಗೆ ಚಿತ್ರಾನ್ನವೇ ರುಚಿಸದಂತಾಯಿತು.

ಬೆಳಿಗ್ಗೆ ಬಂದವರು ನೇರವಾಗಿ ಕೆಳಗಿಳಿಯುತ್ತಿರಲಿಲ್ಲ. ಹೊರರೋಗಿಗಳ ಸಾಲಿನ ಪಕ್ಕದಲ್ಲಿ ಒಂದು ಸುತ್ತು ನಡೆದೇ ಬರುತ್ತಿದ್ದರು. "ನಾವು ಕೆಳಗೆ ಕೂತ್ಕೊಂಡು ರೆಕಾರ್ಡು ರೆಕಾರ್ಡು ಅಂತೀವಲ್ಲ, ಅದು ಇವರೇ ಕಣಮ್ಮಾ. ದಿನಕ್ಕೊಂದು ಸಲ ಮುಖ ನೋಡ್ಕೊಂಡು ಬರಬೇಕು" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಪ್ಲಾಸ್ಟಿಕ್ ಚೀಲ. ಅದರೊಳಗೆ ಎಕ್ಸ್‌ರೇ, ಚೀಟಿ, ಮಾಸಿದ ವರದಿಗಳು. ಎಲ್ಲವೂ ಕಂಪ್ಯೂಟರಿಗೆ ಬಂದ ಮೇಲೆ ಮೇಡಂ ಮುದುಕಿಯರ ಹತ್ತಿರ ನಿಂತು, "ಅಮ್ಮಾಜೀ, ಸಬ್ ಕಂಪ್ಯೂಟರ್ ಮೇ ಹೈ" ಎಂದು, ಇಷ್ಟು ಹೊರೆ ಇನ್ನು ಹೊರಬೇಕಾಗಿಲ್ಲ, ಕಾರ್ಡೊಂದನ್ನು ತಂದರೆ ಸಾಕು ಎಂದು ಬಿಡಿಸಿ ಹೇಳುತ್ತಿದ್ದರು. ಜನ ಅವರನ್ನು ನಂಬುತ್ತಿದ್ದರು. ಬರಬರುತ್ತ ಸಾಲಿನಲ್ಲಿ ಚೀಲಗಳು ಕಡಿಮೆಯಾದವು.

ಪ್ರತಿದಿನದ ಬ್ಯಾಕಪ್ಪಿನ ಒಂದು ಪ್ರತಿ ದಿಲ್ಲಿಯ ಓಖ್ಲಾದಲ್ಲಿದ್ದ ಟ್ರಸ್ಟಿನ ಕಚೇರಿಗೆ ಹೋಗುತ್ತಿತ್ತು. ಮೇಡಂ ಅಷ್ಟಕ್ಕೇ ಸಮಾಧಾನಪಡುವವರಲ್ಲ. "ಬ್ಯಾಕಪ್ ಇದೆ ಅಂತ ನನ್ನ ಹತ್ರ ಹೇಳಬೇಡ. ಇನ್ನೊಂದು ಮಷೀನಲ್ಲಿ ಎತ್ತಿ ನಿಲ್ಲಿಸಿ, ತೆಗೆದು ನೋಡಿದೆ ಅಂತ ಹೇಳು." ಅದಕ್ಕೆಂದೇ ಒಂದು ಹಳೆಯ ಸರ್ವರನ್ನು ಹಟ ಹಿಡಿದು ಇಟ್ಟುಕೊಂಡಿದ್ದರು. ಮೂರು ತಿಂಗಳಿಗೊಮ್ಮೆ ಅದರ ಮೇಲೆ ಡೇಟಾಬೇಸನ್ನು ಪೂರ್ತಿ ಮರಳಿ ನಿಲ್ಲಿಸಿ, ಹತ್ತು ರೋಗಿಗಳ ವಿವರ ತೆಗೆದು ಓದಿ ನೋಡುತ್ತಿದ್ದೆವು. ಒಂದು ಬೇಸಿಗೆಯಲ್ಲಿ, ಹೊಸ ಶಾಖೆಯ ನೋಂದಣಿ ಕೌಂಟರಿಗೆ ಬೇಕೆಂದು ಆಡಳಿತದವರು ಆ ಮಷೀನನ್ನು ಎತ್ತಿಕೊಂಡು ಹೋದರು. ಮೇಡಂ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ.

ಆ ವರ್ಷದ ದೀಪಾವಳಿಯ ಹಿಂದಿನ ವಾರ ಅವರ ತಾಯಿ ತೀರಿಕೊಂಡರು. ರಜೆಯ ಮೇಲೆ ಹೋಗುವಾಗ ನನಗೆ ಒಂದು ಕೆಲಸ ಒಪ್ಪಿಸಿದರು. ನಮ್ಮ ಡೇಟಾಬೇಸಿಗೆ ಒಂದು ಬೀಗವಿತ್ತು. ಬ್ಯಾಕಪ್ ಯಾರ ಕೈಗೆ ಸಿಕ್ಕರೂ ಕೀ ಇಲ್ಲದೆ ಅದನ್ನು ಬೇರೆ ಯಾವ ಸರ್ವರಿನಲ್ಲೂ ತೆರೆಯಲಾಗುತ್ತಿರಲಿಲ್ಲ. ಆ ಕೀ ಒಂದು ಪುಟ್ಟ ಫೈಲು. ಅದರ ಅವಧಿ ಮುಗಿಯುತ್ತಿತ್ತು. ಹೊಸ ಕೀ ಮಾಡಿ, ಅದನ್ನು ಎರಡು ಪೆನ್ ಡ್ರೈವಿಗೆ ಹಾಕಿ, ಒಂದನ್ನು ಆಸ್ಪತ್ರೆಯ ಮೇಲ್ವಿಚಾರಕರ ಬೀರುವಿನಲ್ಲಿಟ್ಟು ಇನ್ನೊಂದನ್ನು ಓಖ್ಲಾಕ್ಕೆ ಕಳಿಸಿ, ವಿಭಾಗದ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಬೇಕು. ಇಷ್ಟೇ.

ಕೀ ಬದಲಾಯಿಸಿದೆ. ಪೆನ್ ಡ್ರೈವ್ ಕೊಡಬೇಕಾದ ಸ್ಟೋರಿನ ಗುಮಾಸ್ತ ಊಟಕ್ಕೆ ಹೋಗಿದ್ದ. ಊರಿಗೆ ಹೊರಡುವ ನನ್ನ ರೈಲು ಮಧ್ಯಾಹ್ನವೇ ಇತ್ತು. ಬಂದ ಮೇಲೆ ಮಾಡಿದರಾಯಿತೆಂದು ಟಿಕ್ ಹಾಕಿ, ಚಿಕ್ಕ ಸಹಿ ಹಾಕಿ ಹೊರಟೆ. ಬಂದ ಮೇಲೆ ಮರೆತೆ ಎಂದು ಬರೆಯುವುದು ಸುಲಭ. ಆದರೆ ಒಂದೆರಡು ಸಲ ನೆನಪಾಗಿತ್ತು. ಹಾಕಿದ ಟಿಕ್ಕಿನ ಬಗ್ಗೆ ಮೇಡಂಗೆ ಹೇಳಲು ನಾಚಿಕೆಯಾಗಿ ನಾಳೆ ನೋಡೋಣ ಎಂದುಕೊಂಡೆ. ಆಮೇಲೆ ನಿಜವಾಗಿಯೂ ಮರೆತೆ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾವು ಬರುವ ಹೊತ್ತಿಗೆ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ಚರಂಡಿ ನೀರು ನಿಂತಿತ್ತು. ಸರ್ವರ್ ಮುಳುಗಿ ಸುಟ್ಟುಹೋಗಿತ್ತು. ಆದರೂ ಯಾರೂ ಅಷ್ಟಾಗಿ ಗಾಬರಿಪಡಲಿಲ್ಲ. ಮೇಲ್ವಿಚಾರಕರು, "ಬ್ಯಾಕಪ್ ತೋ ಹೈ ನಾ?" ಎಂದು ಕೇಳಿದರು. ಇದೆ ಎಂದರು ಮೇಡಂ. ಎರಡು ದಿನದಲ್ಲಿ ಓಖ್ಲಾದ ಕಚೇರಿಗೆ ಹೊಸ ಸರ್ವರ್ ಬಂತು. ಮೇಡಂ ಮತ್ತು ನಾನು ಮೆಟ್ರೋದಲ್ಲಿ ಹೊರಟೆವು. ಮೇಲ್ವಿಚಾರಕರ ಬೀರುವಿನ ಪೆನ್ ಡ್ರೈವ್ ಅವರ ಕೈಚೀಲದಲ್ಲಿತ್ತು. ದಾರಿಯುದ್ದಕ್ಕೂ ಅವರು ಸಲೀಸಾಗಿ ಮಾತಾಡುತ್ತಿದ್ದರು. ನಾನು ಕಂಬಿ ಹಿಡಿದು ನಿಂತಿದ್ದೆ. ಆ ಪೆನ್ ಡ್ರೈವಿನಲ್ಲಿ ಇರುವುದು ಹಳೆಯ ಕೀ ಎಂದು ನನಗೆ ಆಗಲೇ ನೆನಪಾಗಿತ್ತು. ಇಳಿದ ಮೇಲೂ ಅದನ್ನು ಹೇಳಲಿಲ್ಲ.

ಮರುಸ್ಥಾಪನೆ ಶುರುವಾಗುತ್ತಿದ್ದಂತೆಯೇ ನಿಂತಿತು. ಈ ಬ್ಯಾಕಪ್ಪಿಗೆ ಸರಿಹೊಂದುವ ಕೀ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಕೆಂಪು ಸಾಲು ಬಂತು. ಮೇಡಂ ಮತ್ತೊಮ್ಮೆ ಮಾಡಿದರು. ಹಿಂದಿನ ದಿನದ ಬ್ಯಾಕಪ್ ಹಾಕಿದರು, ಹಿಂದಿನ ವಾರದ್ದು ಹಾಕಿದರು. ಅದೇ ಸಾಲು. ಕೊನೆಗೆ ಚೀಲದಿಂದ ನೋಟ್‌ಬುಕ್ ತೆಗೆದು ಪುಟ ತಿರುವಿದರು. ನನ್ನ ಟಿಕ್ಕಿನ ಮೇಲೆ ಬೆರಳಿಟ್ಟು ಕೇಳಿದರು.

"ಕಾಪಿ ಮಾಡಿದ್ಯಾ?"

"ಇಲ್ಲ ಮೇಡಂ."

"ಎಲ್ಲೂ ಇಲ್ವಾ?"

"ಇಲ್ಲ. ಆ ಸರ್ವರಲ್ಲಿ ಮಾತ್ರ ಇತ್ತು."

ಅವರು ಬೈಯಲಿಲ್ಲ. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡು, ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹಿಂದಿಯಲ್ಲಿ, "ಚಲೋ, ಊಪರ್ ಬತಾನಾ ಪಡೇಗಾ" ಎಂದರು. ಮೇಲಿನವರಿಗೆ ತಿಳಿಸಲೇಬೇಕು ಎಂದು. ಅಂದಿನಿಂದ ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಒಂದೇ ಒಂದು ಸಲ.

ನೀರಿನಲ್ಲಿ ನೆನೆದ ಡಿಸ್ಕುಗಳನ್ನು ಗುರುಗ್ರಾಮದ ಒಂದು ಕಂಪನಿಗೆ ಕಳಿಸಿದರು. ಮೂರು ವಾರ ಕಾದೆವು. ಏನೂ ತೆಗೆಯಲಾಗಲಿಲ್ಲವೆಂದು ಡಬ್ಬಿ ವಾಪಸು ಬಂತು. ಓಖ್ಲಾದಲ್ಲಿ ಒಂದು ತಿಂಗಳಿಗಿಂತ ಹಳೆಯ ಪ್ರತಿಗಳನ್ನು ಅಳಿಸಿಬಿಡುತ್ತಿದ್ದರು. ಉಳಿದದ್ದು ಒಂದೇ. ಪರೀಕ್ಷೆಯ ಮಷೀನನ್ನು ಎತ್ತಿಕೊಂಡು ಹೋಗುವ ಮೊದಲು ಮೇಡಂ ತೆಗೆದಿಟ್ಟಿದ್ದ ಹಳೆಯ ಪ್ರತಿ. ಅದು ಹಳೆಯ ಕೀಯಿಂದ ತೆರೆಯಿತು. ಅದರ ಈಚೆಗಿನದು, ಒಂದು ವರ್ಷಕ್ಕೂ ಮೇಲಿನದು, ಹೋಯಿತು. ಆ ವರ್ಷದಲ್ಲಿ ಹೊಸದಾಗಿ ಬಂದ ರೋಗಿಗಳು ನಮ್ಮ ಆಸ್ಪತ್ರೆಗೆ ಬಂದೇ ಇಲ್ಲವೆನ್ನುವಂತೆ ಆಯಿತು.

ವಿಚಾರಣೆಯ ಸಮಿತಿಯ ಮುಂದೆ ಇಬ್ಬರೂ ಕೂತೆವು. ಕೀ ಯಾರು ನೋಡಿಕೊಳ್ಳಬೇಕಿತ್ತು ಎಂದು ಕೇಳಿದರು. "ನಾನು" ಎಂದರು ಮೇಡಂ. ಹಾಗಾದರೆ ಏನಾಯಿತು ಎಂದು ಕೇಳಿದರು. "ತಾಯಿ ಹೋಗಿದ್ದರು. ನನ್ನಿಂದ ತಪ್ಪಿಹೋಯಿತು" ಎಂದರು. ನೋಟ್‌ಬುಕ್ ಅವರ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಯಾರೂ ಕೇಳಲಿಲ್ಲ, ಅವರು ತೋರಿಸಲಿಲ್ಲ. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತ ಕೂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಅಳುತ್ತ, "ನಾಳೆ ನಾನೇ ಹೋಗಿ ಹೇಳ್ತೀನಿ ಮೇಡಂ" ಎಂದೆ. ಅವರು ತಿರುಗಿ ನಿಂತರು. ಕನ್ನಡದಲ್ಲಿ ಆಡಿದ ಆ ಕೊನೆಯ ಮಾತು ಇದು:

"ಹೇಳಿ? ಇಬ್ರನ್ನೂ ಮನೆಗೆ ಕಳಿಸ್ತಾರೆ. ಆಮೇಲೆ ಇದನ್ನೆಲ್ಲ ಮತ್ತೆ ತುಂಬೋರು ಯಾರು? ನಿನ್ನನ್ನ ಉಳಿಸ್ತಿದೀನಿ ಅಂದ್ಕೋಬೇಡ. ನಿನ್ನ ಮುಖ ನೋಡೋಕೂ ನನಗೆ ಆಗ್ತಿಲ್ಲ. ಕೆಲಸಕ್ಕೆ ಎರಡು ಕೈ ಬೇಕು, ಅಷ್ಟೇ."

ಅವರಿಗೆ ನಾಲ್ಕು ತಿಂಗಳು ಕೊಟ್ಟರು, ಆಮೇಲೆ ರಾಜೀನಾಮೆ ಎಂದು. ಆ ನಾಲ್ಕು ತಿಂಗಳೂ ಅವರು ಹೊರರೋಗಿಗಳ ವರಾಂಡದಲ್ಲಿ ಒಂದು ಮೇಜು ಹಾಕಿಸಿಕೊಂಡು ಕೂತರು. ಬಂದವರ ಚೀಲದಿಂದ ಒಂದೊಂದೇ ಕಾಗದ ತೆಗೆದು ಬಿಡಿಸಿ ಓದುತ್ತಿದ್ದರು, ಪಕ್ಕದಲ್ಲಿ ನಾನು ಟೈಪು ಮಾಡುತ್ತಿದ್ದೆ. ಚೀಲ ಇದ್ದವರು ಪುಣ್ಯವಂತರು. ಬಹಳ ಜನ ಕಾರ್ಡೊಂದನ್ನೇ ಹಿಡಿದು ಬಂದರು. ಬುಲಂದ್‌ಶಹರ್ ಕಡೆಯ ಒಬ್ಬ ಹೆಂಗಸು ಮಗನ ಜೊತೆ ಬಂದಿದ್ದಳು. ಕಾಗದ ಎಲ್ಲಿ ಎಂದು ಮೇಡಂ ಕೇಳಿದಾಗ ಅವಳು ಕೊಂಕಿನಿಂದಲ್ಲ, ಸಹಜವಾಗಿಯೇ, "ಆಪ್ ಹೀ ನೇ ತೋ ಕಹಾ ಥಾ, ಬಿಟಿಯಾ" ಎಂದಳು. ನೀನೇ ಹೇಳಿದ್ದೆಯಲ್ಲ ಮಗಳೇ. ಕಾಗದಗಳನ್ನು ಮನೆಯಲ್ಲಿ ಯಾರೋ ಒಲೆಗೆ ಹಾಕಿದ್ದರು.

ಡಾಕ್ಟರು ಮತ್ತೆ ಬಯಾಪ್ಸಿ ಮಾಡಬೇಕೆಂದರು. ಹಿಂದಿನ ಪರೀಕ್ಷೆಯಲ್ಲಿ ಏನು ಬಂದಿತ್ತು, ಯಾವ ಔಷಧ ಎಷ್ಟು ಕೊಟ್ಟಿದ್ದೆಂದು ತಿಳಿಯದೆ ಮುಂದಿನದನ್ನು ಹೇಗೆ ಕೊಡುವುದು? ಅವಳು ಸೂಜಿಯ ಮಾತು ಕೇಳಿಯೇ ಎದ್ದಳು. ಇನ್ನೊಮ್ಮೆ ಆಗುವುದಿಲ್ಲ ಎಂದು ಕೈಮುಗಿದು ಹೊರಟುಹೋದಳು. ಮೇಡಂ ಗೇಟಿನವರೆಗೆ ಅವಳ ಹಿಂದೆ ಓಡಿದರು. ಬರಿಗೈಯಲ್ಲಿ ವಾಪಸು ಬಂದರು. ಆಮೇಲೆ ಪ್ರತಿದಿನ ಊಟದ ಹೊತ್ತಿಗೆ ಆ ಮಗನ ನಂಬರಿಗೆ ಫೋನು ಮಾಡುತ್ತಿದ್ದರು. ಬರುತ್ತೇವೆ, ಬರುತ್ತೇವೆ ಎನ್ನುತ್ತಿದ್ದ ಅವನು. ಚಳಿ ಶುರುವಾದ ಮೇಲೆ ಒಂದು ದಿನ ಮೇಡಂ ಫೋನು ಕಿವಿಗಿಟ್ಟುಕೊಂಡು ಅವನ ಮಾತು ಕೇಳಿದರು. ಕೆಳಗಿಟ್ಟು ನನ್ನ ಕಡೆ ನೋಡದೆ, "ಚಲೀ ಗಯೀ" ಎಂದರು. ಹೋದಳು. ರೆಕಾರ್ಡು ಇದ್ದಿದ್ದರೆ ಬದುಕುತ್ತಿದ್ದಳೋ ಇಲ್ಲವೋ ಯಾರೂ ಹೇಳಲಾರರು. ಮೇಡಂ ಅಂದು ಊಟದ ಡಬ್ಬಿ ತೆರೆಯಲಿಲ್ಲ. ಮುಂದಿನ ಚೀಲವನ್ನು ಎಳೆದುಕೊಂಡರು.

ಅವರು ಬಿಟ್ಟುಹೋದ ಆರು ತಿಂಗಳಿಗೆ ನಾನು ಗುರುಗ್ರಾಮದಲ್ಲಿ ಬೇರೆ ಕೆಲಸ ಹಿಡಿದೆ. ಸಂದರ್ಶನದಲ್ಲಿ, ನೀವು ಕಂಡ ದೊಡ್ಡ ಅನಾಹುತ ಯಾವುದು ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ಕೀಯ ಕತೆಯನ್ನೂ ಹೇಳಿದೆ. ಅದನ್ನು ನಕಲು ಮಾಡದೆ ಬಿಟ್ಟವರು "ನಮ್ಮ ಹಿರಿಯ ಮೇಡಂ" ಎಂದೆ. ನಾಲಿಗೆ ತಡವರಿಸಲಿಲ್ಲ. ಆಮೇಲೆ ಆ ಕಂಪನಿಯವರು ನನ್ನ ಬಗ್ಗೆ ವಿಚಾರಿಸಲು ಮೇಡಂ ಅವರಿಗೇ ಫೋನು ಮಾಡಿದರಂತೆ. ಕೆಲಸ ಚೆನ್ನಾಗಿ ಬಲ್ಲಳು ಎಂದರಂತೆ.

ಎರಡು ವರ್ಷದ ನಂತರ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ ಮೇಡಂ ಹೃದಯಾಘಾತದಿಂದ ಹೋದರೆಂದು ತಿಳಿಸಿದರು. ಹೋಗಿ ಹತ್ತು ದಿನವಾಗಿತ್ತು. ಮಯೂರ್ ವಿಹಾರದ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಅವರ ಯಜಮಾನರು, ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಕನ್ನಡದವರೇ. ಮಕ್ಕಳಿಲ್ಲದ ಮನೆ. ಒಳಗೆ ಕರೆದು ಕೂರಿಸಿ ತಾವೇ ಚಹಾ ಮಾಡಿ ತಂದರು.

"ನೀನು ಅವಳ ಜೊತೆ ಕೆಲಸ ಮಾಡ್ತಿದ್ದವಳಾ? ಕೂತ್ಕೋಮ್ಮಾ" ಎಂದರು. ಲೋಟವನ್ನು ನನ್ನ ಕೈಗಿಟ್ಟು, "ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡು, ಒಂದು ಕೀ ಮರೆತು ಹೋದಳು ನೋಡು" ಎಂದರು.

ಮನೆಯಲ್ಲೂ ಮೇಡಂ ಹಾಗೆಯೇ ಹೇಳಿದ್ದರು. ಲೋಟವನ್ನು ಕೆಳಗಿಟ್ಟು ಹೇಳಿದೆ. ಸ್ಟೋರಿನ ಗುಮಾಸ್ತ, ರೈಲು, ಟಿಕ್ಕು, ಸಮಿತಿಯ ಮುಂದೆ ಸುಮ್ಮನೆ ಕೂತದ್ದು, ಗುರುಗ್ರಾಮದಲ್ಲಿ ಆಡಿದ ಮಾತು, ಒಂದನ್ನೂ ಬಿಡಲಿಲ್ಲ.

"ಈಗ ಬಂದು ಯಾಕಮ್ಮಾ ಹೇಳ್ತಿದೀಯ?" ಎಂದರು ಕೊನೆಗೆ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಎರಡು ಮೂರು ವರ್ಷ ಅವಳನ್ನ ಆಡ್ಕೊಂಡಿದೀನಿ ನಾನು. ಗ್ಯಾಸ್ ಆಫ್ ಮಾಡಿದ್ಯಾ, ಇಲ್ಲ ಅದನ್ನೂ ಮರೆತ್ಯಾ ಅಂತ. ಬಾಗಿಲಿಗೆ ಬೀಗ ಹಾಕಿದ್ಯಾ, ಇಲ್ಲ ಕೀ ಕಳೆದ್ಯಾ ಅಂತ. ಬಂದ ನೆಂಟರ ಮುಂದೆ ಕೂಡ. ಒಂದು ದಿನಾನೂ ತಿರುಗಿ ಮಾತಾಡಲಿಲ್ಲ ಅವಳು."

ಎದ್ದು ಒಳಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನು ಕಾದೆ. ಚಹಾ ಆರಿ ಮೇಲೆ ಕೆನೆ ಕಟ್ಟಿತು. ಅವರು ಹೊರಗೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಲೋಟವನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು, ಹೊರಬಾಗಿಲನ್ನು ಎಳೆದುಕೊಂಡು ಮೆಟ್ಟಿಲಿಳಿದೆ.