ಅಕ್ಕೋರ ಸಮ್‌ಬಡಿ

ಬನಹಟ್ಟಿಯ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರು ತೇರದಾಳದ ಬಸ್ಸಿಗೆ ಬರುತ್ತಿದ್ದರು. ಇಂಡೆಫಿನಿಟ್ ಪ್ರೊನೌನ್ ಎಂದರೆ ನಮಗೆಲ್ಲ ಜ್ವರ. ಅವರು ಮಾತ್ರ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು, "ಯಾರಂತ ಗೊತ್ತಿಲ್ಲ, ಏನಂತ ಗೊತ್ತಿಲ್ಲ. ಅಂಥಾ ಶಬ್ದ ಹುಡುಕ್ರಿ, ಅಷ್ಟ!" ಎಂದು ದಿನವೂ ಹೇಳುತ್ತಿದ್ದರು. ನಮಗೊಂದೂ ಸಿಗುತ್ತಿರಲಿಲ್ಲ.

ಒಂದು ದಿನ ಊಟದ ಬಿಡುವಿಗೆ ಮುಂಚೆ ಅವರು, ಯಾರೋ ನನ್ನ ಹೋಳಿಗೆ ತಿಂದರು ಎಂಬುದನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ನನ್ನತ್ತ ತಿರುಗಿದರು.

"ಈ ಸಮ್‌ಬಡಿ ಅಂದ್ರ ಯಾರ, ಹೇಳ ಬೇ?"

ನಾನು ತಲೆ ತಗ್ಗಿಸಿ ಎದ್ದು ನಿಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಡಬ್ಬಿಯ ಶೇಂಗಾ ಹೋಳಿಗೆಗೆ ಕೈಹಾಕಿದವಳು ನಾನೇ.

"ನಾನ್ರೀ ಅಕ್ಕೋರ. ಎರಡ ತಿಂದೆ. ತಪ್ಪಾತ್ರಿ."

ಅವರು ಗಾಬರಿಯಿಂದ ಡಬ್ಬಿ ತೆರೆದು ನೋಡಿದರು. ಪಾಪ, ಸುಮ್ಮನೆ ಒಂದು ಉದಾಹರಣೆಯೆಂದು ಬರೆದಿದ್ದರಂತೆ! ನಗು ತಡೆಯಲಾರದೆ ಕುರ್ಚಿಗೆ ಕುಸಿದರು. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡಿತು.

ಬಾಗಿಲಲ್ಲಿ ಬೆತ್ತ ಹಿಡಿದ ಹೆಡ್‌ಮಾಸ್ತರರು ಕಾಣಿಸಿಕೊಂಡರು.

"ಏನ್ರೀ ಇದು ಗದ್ಲ? ಏನಾತು?"

ನಾನು ಮುಂದಿನವಳ ಬೆನ್ನ ಹಿಂದೆ ಬಗ್ಗಿದೆ. ಅಕ್ಕೋರು ಕಣ್ಣೊರೆಸಿಕೊಂಡು ಎದ್ದು ನಿಂತರು.

"ನಥಿಂಗ್, ಸರ್."

"ನಥಿಂಗ್! ಇಂಡೆಫಿನಿಟ್ ಪ್ರೊನೌನ್ ರೀ ಅಕ್ಕೋರ!" ಎಂದು ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು.

ಅಕ್ಕೋರು ಹೆಡ್‌ಮಾಸ್ತರರ ಎದುರಿಗೇ ಕುಣಿದು ಚಪ್ಪಾಳೆ ತಟ್ಟಿದರು.